ಬಿಳಿ ಕಲ್ಲಿನಲ್ಲಿ ಕಂಡ ಚಿನ್ನ

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಭೂವಿಜ್ಞಾನ ಓದಿದವಳು. ಹೋದ ತಿಂಗಳು ಅವಳಿಗೆ ಗಣಿಯೊಂದರಲ್ಲಿ ಕೆಲಸ ಸಿಕ್ಕಿತು, ಅದೂ ನೆಲದ ಕೆಳಗೆ. ಸಿಹಿ ಕೊಡಲು ಇಳಿದು ಬಂದವಳು, "ಆಂಟಿ, ನೀವೂ ಮೈನಿಂಗ್‌ನಲ್ಲೇ ಇದ್ರಂತೆ, ಕೆಳಗೆ ಇಳಿದಾಗ ಭಯ ಆಗ್ತಿತ್ತಾ?" ಎಂದು ಕೇಳಿದಳು. ನಾನು ಒಂದು ದಿನವೂ ಇಳಿದಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ಅವಳಿಗೆ ಬೇಕಿದ್ದದ್ದು ಸುರಂಗದ ಕಥೆ, ನನ್ನ ಹತ್ತಿರ ಇರುವುದು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ತಗಡಿನ ಶೆಡ್ಡಿನ ಕಥೆ. ಆದರೂ ಈ ಕಸುಬಿಗೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ಅದರಿಂದ ಏನಾದರೂ ಉಪಯೋಗ ಆದೀತು ಎಂದು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಹೆಂಗಸರು ಗಣಿಯ ಒಳಗೆ ಕೆಲಸ ಮಾಡುವುದನ್ನು ಕಾನೂನೇ ತಡೆದಿತ್ತು. ಮೇಲ್ಗಡೆ ಕೆಲಸ ಮಾಡಬಹುದಿತ್ತು, ಆದರೆ ಕತ್ತಲಾದ ಮೇಲೆ ಅಲ್ಲಿರುವ ಹಾಗಿರಲಿಲ್ಲ. ಈಗ ಅದು ಸಡಿಲವಾಗಿದೆ, ಒಳ್ಳೆಯದು. ಗಣಿಗೆ ನಾವು ಹೋಗದಿದ್ದರೇನು, ಗಣಿಯೇ ಗೋಣಿಚೀಲದಲ್ಲಿ ಕೂತು ಲಾರಿ ಹತ್ತಿ ನಮ್ಮ ಶೆಡ್ಡಿಗೆ ಬರುತ್ತಿತ್ತು. ನಮ್ಮದು ಖನಿಜ ಪರೀಕ್ಷೆಯ ಖಾಸಗಿ ಲ್ಯಾಬು. ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣಕಲ್ಲು, ಏನು ಬಂದರೂ ಅದರೊಳಗೆ ಏನು ಎಷ್ಟಿದೆ ಎಂದು ಹೇಳುವುದು ಕೆಲಸ. ಲ್ಯಾಬಿನ ಹಿಂಭಾಗದ ಕೋಣೆಯಲ್ಲಿ ಕಲ್ಲನ್ನು ಒಣಗಿಸಿ, ಒಡೆದು, ಪರೀಕ್ಷೆಗೆ ಬೇಕಾದಷ್ಟನ್ನು ಪಾಲು ಮಾಡಿ, ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಿದ್ದರು. ಅಲ್ಲಿದ್ದವರೆಲ್ಲ ಹೆಂಗಸರು. ಆ ಹಿಟ್ಟು ಪೊಟ್ಟಣವಾಗಿ ಮುಂದಿನ ಕೋಣೆಗೆ, ನನ್ನ ಕುಲುಮೆಗೆ ಬರುತ್ತಿತ್ತು. ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕುವವಳು ನಾನು.

ಅರೆಯುವ ಕೋಣೆಗೆ ಹೆಂಗಸರೇ ಏಕೆ ಎಂದು ಮೊದಲ ದಿನವೇ ನಮ್ಮ ಮ್ಯಾನೇಜರ್ ಮೂರ್ತಿಯವರನ್ನು ಕೇಳಿದ್ದೆ. "ನೋಡ್ರೀ ಸುಮಿತ್ರಾ, ಗಂಡಸರಿಗೆ ಕೊಟ್ರೆ ಅರ್ಧ ಒಡೆದು ಟೀಗೆ ಹೋಗ್ತಾರೆ. ಇವರು ಮನೇಲಿ ರಾಗಿ ಬೀಸಿದ ಕೈಯವರು" ಎಂದರು. ಆ ಹೆಂಗಸರಲ್ಲಿ ಹೆಚ್ಚಿನವರು ರಾಗಿಯನ್ನು ಮಿಲ್ಲಿಗೇ ಕೊಡುತ್ತಿದ್ದರು. ಮೂರ್ತಿಯವರು ಕೆಟ್ಟವರಲ್ಲ. ಸಂಬಳ ಒಂದು ದಿನ ತಡ ಮಾಡಿದವರಲ್ಲ, ಯಾರ ಮನೆಯಲ್ಲಿ ಸಾವುನೋವು ಆದರೂ ಮೊದಲು ಹೋಗಿ ನಿಲ್ಲುವವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದೊಂದು ಅವರ ದೊಡ್ಡ ಕಾಯಿಲೆ.

ಮೊದಲ ವರ್ಷಗಳ ಎಡವಟ್ಟುಗಳು ಬೇಕಾದಷ್ಟಿವೆ. ಅದಿರಿನ ತೇವಾಂಶ ಅಳೆಯಲು ಒಣಗಿಸುವ ಓವನ್ ಇತ್ತಲ್ಲ, ಮಧ್ಯಾಹ್ನ ಅದರಲ್ಲೇ ಎಲ್ಲರ ಊಟದ ಡಬ್ಬಿ ಬಿಸಿಯಾಗುತ್ತಿತ್ತು. ಒಂದು ಸಲ ಯಾರದೋ ಬಸ್ಸಾರಿನ ಡಬ್ಬಿಯ ಮುಚ್ಚಳ ಸಡಿಲಾಗಿ, ಹೊಸಪೇಟೆ ಕಡೆಯ ಅದಿರಿನ ತಟ್ಟೆಗೆ ಸುರಿದುಹೋಯಿತು. ಒಣಗಿದ ಮೇಲೆ ಅದಿರಿನ ತೂಕ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. ಹೊಸದಾಗಿ ಸೇರಿದ್ದ ಹುಡುಗ ಕೆಮಿಸ್ಟ್ ಅದಕ್ಕೆ ಒಂದು ಪುಟ ವೈಜ್ಞಾನಿಕ ಕಾರಣ ಬರೆದುಕೊಟ್ಟ. ಆಮೇಲೆ ತಟ್ಟೆಯಲ್ಲಿ ಹುರುಳಿಕಾಳು ಸಿಕ್ಕಿತು. ಅದಕ್ಕೇ ಹೇಳುತ್ತೇನೆ, ವಿಚಿತ್ರ ಫಲಿತಾಂಶ ಬಂದರೆ ಪುಸ್ತಕ ತೆರೆಯುವ ಮೊದಲು ಪಾತ್ರೆ ನೋಡಿ.

ಎಡವಟ್ಟು ಅಲ್ಲದ್ದನ್ನೂ ಹೇಳಬೇಕು. ನಮ್ಮ ಅರೆಯುವ ಕೋಣೆಯಲ್ಲಿ ಹಿರಿಯಳು ರತ್ನಮ್ಮ, ಗಂಡ ತೀರಿಹೋದವಳು, ಶೆಡ್ಡು ಶುರುವಾದಾಗಿನಿಂದ ಇದ್ದವಳು. ಕಲ್ಲಿನ ಧೂಳು ಹೀರಿಕೊಳ್ಳುವ ಫ್ಯಾನು ನಮ್ಮಲ್ಲಿ ಬಂದದ್ದು ತುಂಬಾ ತಡವಾಗಿ. ಅಲ್ಲಿಯ ತನಕ ಅವಳು ಮೂಗಿಗೆ ಸೆರಗು ಕಟ್ಟಿಕೊಂಡೇ ಕೆಲಸ ಮಾಡಿದಳು. ಕೆಮ್ಮು ತೋರಿಸಲು ಹೋದಾಗ ಡಾಕ್ಟರು ಬೀಡಿ ಸೇದುತ್ತೀರಾ ಎಂದು ಕೇಳಿದ್ದರಂತೆ. ಅವಳು ಅದನ್ನು ಜೋಕಿನ ಹಾಗೆ ಹೇಳಿ ನಗುತ್ತಿದ್ದಳು, ನಕ್ಕರೂ ಕೆಮ್ಮು ಬರುತ್ತಿತ್ತು. ಅವಳು ಈಗಿಲ್ಲ. ಮಾಸ್ಕ್ ಕೊಡದ ಕಡೆ ಕೆಲಸಕ್ಕೆ ನಿಲ್ಲಬೇಡಿ, ಕೊಟ್ಟರೆ ಸೆಖೆ ಎಂದು ತೆಗೆಯಬೇಡಿ. ಇದೊಂದನ್ನು ನಾನು ಯಾರಿಗಾದರೂ ಜೋರಾಗಿಯೇ ಹೇಳುತ್ತೇನೆ.

ಇನ್ನು ಚಿನ್ನದ ವಿಷಯ. ಖಾಸಗಿ ಕಂಪನಿಗಳು ಚಿನ್ನ ಹುಡುಕಲು ಹೊರಟ ಕಾಲ ಅದು. ಒಂದು ಕಂಪನಿ ತಾನು ಕೊರೆದ ಕಲ್ಲನ್ನೆಲ್ಲ ನಮಗೆ ಕಳಿಸಲು ಒಪ್ಪಿತು. ಕಬ್ಬಿಣದ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ ಇರುತ್ತದೆ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಚಿನ್ನ ಹಾಗಲ್ಲ. ಒಂದು ಟನ್ ಕಲ್ಲಿನಲ್ಲಿ ಒಂದು ಉಂಗುರಕ್ಕಾಗುವಷ್ಟು ಇದ್ದರೂ ಕಂಪನಿಯವರು ಕುಣಿಯುತ್ತಾರೆ. ನಾವು ಹುಡುಕುತ್ತಿದ್ದದ್ದು ಅದಕ್ಕಿಂತ ಎಷ್ಟೋ ಪಾಲು ಕಡಿಮೆ. ಹೀಗಿರುವಾಗ ಕಲ್ಲು ಮುಟ್ಟುವವರ ಕೈಯಲ್ಲಿ ಉಂಗುರವೋ ಬಳೆಯೋ ಇದ್ದರೆ, ಅದು ಧೂಳಿಗೆ ಉಜ್ಜಿ, ಇಲ್ಲದ ಚಿನ್ನ ವರದಿಯಲ್ಲಿ ಇದೆಯೆಂದು ಬಂದುಬಿಡುತ್ತದೆ. ಹಾಗಾಗಿ ಅರೆಯುವ ಕೋಣೆಗೂ ಕುಲುಮೆ ಕೋಣೆಗೂ ಚಿನ್ನ ಹಾಕಿಕೊಂಡು ಬರಬಾರದು ಎಂದು ಕಂಪನಿ ಷರತ್ತು ಹಾಕಿತು.

ಬಳೆ, ಓಲೆ, ಮೂಗುಬೊಟ್ಟು ಸಲೀಸಾಗಿ ಹೋದವು. ಕಿವಿ ಮುಚ್ಚಿಹೋಗದಿರಲಿ ಎಂದು ಹೆಂಗಸರು ತೂತಿಗೆ ಪೊರಕೆಕಡ್ಡಿ ಮುರಿದು ಹಾಕಿಕೊಂಡರು. ಮೂರ್ತಿಯವರೂ ತಮ್ಮ ಹರಳಿನ ಉಂಗುರ ಬಿಚ್ಚಿ ಟೇಬಲ್ಲಿನ ಡ್ರಾಯರಿನಲ್ಲಿಟ್ಟರು. ಅವರ ನಿಯತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ತೊಡಕಾದದ್ದು ತಾಳಿ. ಅದನ್ನು ಬಿಚ್ಚಿ ಬನ್ನಿ ಎಂದು ಮುತ್ತೈದೆಯರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೂರ್ತಿಯವರು ಒಂದು ಉಪಾಯ ಕಂಡುಕೊಂಡರು. ಮದುವೆಯಾದವರನ್ನು ಕಬ್ಬಿಣದ ಕಡೆಗೆ ಕಳಿಸಿದರು, ಚಿನ್ನದ ಕಲ್ಲಿಗೆ ಗಂಡ ಸತ್ತವರನ್ನೂ ಮದುವೆಯಾಗದ ಹುಡುಗಿಯರನ್ನೂ ಇಟ್ಟರು. ಚಿನ್ನದ ಕಡೆ ಸಂಬಳ ಜಾಸ್ತಿ. ಒಂದೇ ಮೂಲೆಯಲ್ಲಿ ಇಷ್ಟು ವಿಧವೆಯರಿಗೆ ಒಳ್ಳೆಯದಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ, ಆದ್ದರಿಂದ ನನ್ನ ಕುಲುಮೆಗೆ ಏನೂ ಅಡ್ಡಿಯಾಗಲಿಲ್ಲ.

ಆ ಹುಡುಗಿಯರಲ್ಲಿ ಒಬ್ಬಳು ಮಂಜುಳಾ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಕಲ್ಲಿನ ಪಾಲು ಮಾಡುವುದರಲ್ಲಿ ರತ್ನಮ್ಮನ ಶಿಷ್ಯೆ. ಅವಳಿಗೆ ಕುರುಬರಹಳ್ಳಿಯ ಒಂದು ಮನೆಗೆ ಮದುವೆ ಗೊತ್ತಾಯಿತು. ಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಹುಡುಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ, ಯಜಮಾನಿಕೆ ಅವನ ತಾಯಿ ಪುಟ್ಟಮ್ಮನದು. ಮದುವೆ ಕಾಗದ ಕೊಡಲು ಬಂದ ಮಂಜುಳಾ ಮೂರ್ತಿಯವರ ಎದುರು ನಿಂತು, "ಸಾರ್, ನನ್ನ ಕಬ್ಬಿಣಕ್ಕೆ ಹಾಕ್ಬೇಡಿ. ಚಿನ್ನದಲ್ಲೇ ಇರ್ತೀನಿ" ಎಂದಳು.

"ತಾಳಿ?" ಎಂದರು ಅವರು.

"ನಾನು ನೋಡ್ಕೋತೀನಿ ಸಾರ್."

ದಾರಿ ಹೇಳಿಕೊಟ್ಟವಳು ರತ್ನಮ್ಮ. ನಮ್ಮ ಕಡೆ ಕಷ್ಟಕ್ಕೆ ತಾಳಿಯನ್ನು ಗಿರವಿ ಇಟ್ಟಾಗ ಬರಿಗೊರಳಲ್ಲಿ ಇರಬಾರದೆಂದು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಹಾಕಿಕೊಳ್ಳುವ ರೂಢಿಯುಂಟು. ಹಗಲು ಕೊಂಬು, ಸಂಜೆ ತಾಳಿ ಎಂಬುದು ಅವಳ ಸಲಹೆ. ಮಂಜುಳಾ ಮದುವೆಯಾದ ಮೇಲೆ ಮನೆಯಲ್ಲಿ ಈ ಮಾತೆತ್ತಿದಳು. ಮರುದಿನ ಪುಟ್ಟಮ್ಮ ಸೊಸೆಯನ್ನು ಹಿಂದಿಟ್ಟುಕೊಂಡು ಲ್ಯಾಬಿಗೇ ಬಂದಳು.

"ಏನಮ್ಮಾ ಇದು? ಮೊನ್ನೆ ಕಟ್ಟಿದ ತಾಳಿ. ಕೊಂಬು ಹಾಕ್ಕೊಂಡು ಬಸ್‌ಸ್ಟಾಪಲ್ಲಿ ನಿಂತ್ರೆ ನೋಡ್ದೋರು ಏನಂತಾರೆ? ಪುಟ್ಟಮ್ಮ ಸೊಸೆ ತಾಳೀನ ಸೇಠು ಅಂಗಡೀಲಿಟ್ಳು ಅಂತಾರೆ!" ಎಂದು ನನ್ನ ಮೇಲೆ ರೇಗಿದಳು. ದೇವರು ದಿಂಡರ ಮಾತು ಬರುತ್ತದೆಂದು ಕಾದಿದ್ದೆ, ಅವಳ ಚಿಂತೆ ಮಾನದ್ದು. ನಾನು ಅವಳನ್ನು ಕುಲುಮೆ ಕೋಣೆಗೆ ಕರೆದುಕೊಂಡು ಹೋಗಿ, ಒಂದು ಮುಷ್ಟಿ ಕಲ್ಲಿನ ಹಿಟ್ಟಿನಿಂದ ತೆಗೆದ ಚಿನ್ನದ ಮಣಿಯನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ಸಾಸಿವೆಯ ಸಿಪ್ಪೆಗಿಂತ ಸಣ್ಣದು. ಬಹಳ ಹೊತ್ತು ಬಗ್ಗಿ ನೋಡಿದಳು.

"ಇಷ್ಟಕ್ಕೆ ಇಷ್ಟು ಜನಾನಾ?"

"ಹೂಂ. ಅದಕ್ಕೇ ತಾಳಿ ಬೇಡ ಅನ್ನೋದು."

ಪುಟ್ಟಮ್ಮ ಯೋಚನೆ ಮಾಡಿದಳು. ಕೊನೆಗೆ ಅವಳೇ ಷರತ್ತು ಹಾಕಿದಳು. ಕೊಂಬನ್ನು ಸೆರಗಿನೊಳಗೆ ಮುಚ್ಚಿಕೊಳ್ಳಬೇಕು. ತಾಳಿ ಅವಳ ಬೀರುವಿನಲ್ಲಿ ಇರಬೇಕು, ಬೀಗದ ಕೈ ಅವಳ ಸೊಂಟದಲ್ಲಿ. ಬೆಳಿಗ್ಗೆ ತೆಗೆಸಿ ಇಟ್ಟುಕೊಳ್ಳುವವಳೂ ಸಂಜೆ ಕೊಡುವವಳೂ ಅವಳೇ. ಹಾಗೇ ನಡೆಯಿತು.

ಅದೇ ತಿಂಗಳು ಮೂರ್ತಿಯವರು ಹೊಸ ಅರೆಯುವ ಯಂತ್ರ ತರಿಸಿದರು. ದೊಡ್ಡ ಉಕ್ಕಿನ ಬಟ್ಟಲು, ಒಳಗೆ ಉಕ್ಕಿನ ಗುಂಡು. ಸಾಲ ಮಾಡಿ ತಂದ ಯಂತ್ರ, ಹಾಗಾಗಿ ಶುಕ್ರವಾರದ ಪೂಜೆ ಮೊದಲಿಗಿಂತ ಜೋರಾಯಿತು. ಹಳೆಯದಕ್ಕೆ ಅರಿಶಿನ ಕುಂಕುಮವಷ್ಟೇ ಇತ್ತು. ಇದಕ್ಕೆ ಹೂವಿನ ಹಾರ, ಕರ್ಪೂರ, ಪ್ರಸಾದ. ನಾವೆಲ್ಲ ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಿದ್ದೆವು. ಆಮೇಲೆ ದಿನದ ಕೆಲಸ ಶುರು.

ದಿನದ ಮೊದಲ ಕೆಲಸ ಬಿಳಿ ಕಲ್ಲು ಅರೆಯುವುದು. ಚಿನ್ನದ ಸುಳಿವೇ ಇಲ್ಲದ ಶುದ್ಧ ಬೆಣಚುಕಲ್ಲು ಅದು. ಅದನ್ನು ಮಾಮೂಲಿನಂತೆ ಅರೆದು ಪರೀಕ್ಷೆಗೆ ಕಳಿಸಬೇಕು, ಉತ್ತರ ಸೊನ್ನೆ ಬರಬೇಕು. ಸೊನ್ನೆ ಬಂದರೆ ನಮ್ಮ ಯಂತ್ರ, ಕೈ, ಕೋಣೆ ಎಲ್ಲ ಶುದ್ಧ ಎಂದರ್ಥ. ಹೊಸ ಯಂತ್ರ ಬಂದ ಮೇಲೆ ಒಂದು ದಿನ ಬಿಳಿ ಕಲ್ಲಿನಲ್ಲಿ ಚಿನ್ನ ಕಂಡಿತು. ಪುನಃ ಮಾಡಿದೆ, ಇತ್ತು. ಮರುದಿನ ಇಲ್ಲ. ಮುಂದಿನ ವಾರ ಮತ್ತೆ ಬಂತು. ಕಂಪನಿಗೆ ಗೊತ್ತಾಗಿ ಗಲಾಟೆ ಶುರುವಾಯಿತು. ಇದು ಸರಿಯಾಗದಿದ್ದರೆ ಬೇರೆ ಲ್ಯಾಬು ನೋಡಿಕೊಳ್ಳುತ್ತೇವೆ ಎಂದರು.

ಚಿನ್ನ ಬರುತ್ತಿದ್ದದ್ದು ಶುಕ್ರವಾರಗಳಲ್ಲಿ ಎಂದು ಮೊದಲು ಹೇಳಿದವರು ಮೂರ್ತಿಯವರೇ. ಹೇಳಿ, ತಾವೇ ಅದಕ್ಕೆ ಅರ್ಥವನ್ನೂ ಕಟ್ಟಿದರು. "ಶುಕ್ರವಾರ ತಾನೇ? ಹೊಸ ಮದುಮಗಳು. ಎಣ್ಣೆ ಸ್ನಾನ ಮಾಡಿ ತಾಳಿ ಹಾಕ್ಕೊಂಡೇ ಬಂದಿರ್ತಾಳೆ, ಇನ್ನೇನು."

ಅರೆಯುವ ಕೋಣೆಗೆ ಆ ತಿಂಗಳು ಎರಡು ಹೊಸತು ಬಂದಿದ್ದವು, ಯಂತ್ರ ಮತ್ತು ಮಂಜುಳಾಳ ತಾಳಿ. ಎಲ್ಲರ ಕಣ್ಣೂ ತಾಳಿಯ ಮೇಲೇ ಬಿತ್ತು. ಮೂರ್ತಿಯವರು ಅಕೌಂಟ್ಸ್ ನೋಡುತ್ತಿದ್ದ ಹೆಂಗಸಿಗೆ ಹೇಳಿ, ಮಂಜುಳಾಳನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ಕುತ್ತಿಗೆ ನೋಡಿಸಿದರು. ಕೊಂಬು ಬಿಟ್ಟು ಏನೂ ಇರಲಿಲ್ಲ. ತಾಳಿ ಅತ್ತೆಯ ಬೀರುವಿನಲ್ಲಿದೆ ಎಂದಳು ಅವಳು. ಬೆಳಿಗ್ಗೆ ಇತ್ತು, ಈಗ ಬಚ್ಚಿಟ್ಟಿದ್ದಾಳೆ ಎಂದರು ಮೂರ್ತಿಯವರು. ನಾನು ಅವರ ಕೋಣೆಗೆ ಹೋಗಿ, ತಾಳಿ ಕೊರಳಲ್ಲಿದ್ದರೂ ಸೆರಗಿನೊಳಗಿಂದ ಬಟ್ಟಲಿಗೆ ಬೀಳುವುದು ಹೇಗೆ ಎಂದು ಕೇಳಿದೆ.

"ಚಿನ್ನ ಇದೆ ಅಂತ ರಿಪೋರ್ಟಿಗೆ ಸಹಿ ಹಾಕಿದ್ದು ನೀವು ತಾನೇ? ಇದೆಯೋ ಇಲ್ವೋ?"

"ಇದೆ."

"ಹಂಗಾದ್ರೆ ಮುಗೀತು."

ಅವರು ಮಂಜುಳಾಳನ್ನು ಕೆಲಸದಿಂದ ತೆಗೆದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಅದೊಂದು ಕೆಲಸ ಹೋದ ಕಥೆಯಾಗುತ್ತಿತ್ತು. ಅವರು ಅವಳ ಗಂಡನಿಗೆ ಫೋನ್ ಮಾಡಿ, ನಿಮ್ಮ ಹೆಂಡತಿಯ ಹತ್ತಿರ ಚಿನ್ನ ಇತ್ತು, ಕೇಳಿದರೆ ಸುಳ್ಳು ಹೇಳಿದಳು, ನಮ್ಮಲ್ಲಿ ರಿಪೋರ್ಟ್ ಇದೆ ಎಂದರು. ಅವರ ಮನಸ್ಸಿನಲ್ಲಿದ್ದದ್ದು ತಾಳಿ. ಆದರೆ ಆ ಮನೆಯಲ್ಲಿ ತಾಳಿ ಬೀರುವಿನಲ್ಲಿ ಭದ್ರವಾಗಿತ್ತು, ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ಹಾಗಾದರೆ ಸೊಸೆಯ ಹತ್ತಿರ ಇದ್ದದ್ದು ಯಾವ ಚಿನ್ನ? ಯಾರು ಕೊಟ್ಟದ್ದು?

ನನಗೆ ಇದು ಗೊತ್ತಾದದ್ದು ರತ್ನಮ್ಮನಿಂದ. ಪುಟ್ಟಮ್ಮ ಬೈಯಲಿಲ್ಲವಂತೆ, ಹೊಡೆಯಲಿಲ್ಲವಂತೆ. ಸೊಸೆಯ ಜೊತೆ ಮಾತು ಬಿಟ್ಟಳಂತೆ. ಗಂಡ ತಾಯಿಯ ಮುಖ ನೋಡುತ್ತಾ ಸುಮ್ಮನಿದ್ದನಂತೆ. ಹೆಣ್ಣಿಗೆ ಗಣಿಯಲ್ಲಿ ಏನು ಅಪಾಯ ಎಂದು ಕಾನೂನು ಬರೆದವರು ಏನೇನೋ ಯೋಚಿಸಿದ್ದಾರು, ಇದನ್ನು ಯೋಚಿಸಿರಲಾರರು.

ಮಂಜುಳಾ ಹೋದ ಮೇಲಿನ ಶುಕ್ರವಾರವೂ ಬಿಳಿ ಕಲ್ಲಿನಲ್ಲಿ ಚಿನ್ನ ಬಂತು. ಮೂರ್ತಿಯವರು ಹಳೆಯ ಶೇಷ ಇರಬೇಕು ಎಂದರು. ಅದರ ಮುಂದಿನ ಶುಕ್ರವಾರ ಕಂಪನಿಯವರು ತಮ್ಮ ಕಡೆಯ ಒಬ್ಬ ಹಿರಿಯ ಕೆಮಿಸ್ಟನ್ನು ಕಳಿಸಿದರು. ಕೋಲಾರದ ಕಡೆಯ ತೆಲುಗಿನವರು, ಮೆತ್ತಗಿನ ಮನುಷ್ಯ. ಬೆಳಿಗ್ಗೆಯೇ ಬಂದು, ನಮ್ಮ ಜೊತೆ ಚಪ್ಪಲಿ ಬಿಟ್ಟು ಪೂಜೆಗೆ ನಿಂತರು. ಮಂಗಳಾರತಿ ತೆಗೆದುಕೊಂಡರು, ಸಿಹಿ ಪೊಂಗಲ್ ತಿಂದರು, ಕೈ ತೊಳೆದು ಒರೆಸಿಕೊಂಡರು. ಆಮೇಲೆ, "ಮೂರ್ತಿಗಾರೂ, ಆ ಕಾಸು ಒಂದ್ಸಲ ಕೊಡ್ತೀರಾ?" ಎಂದರು.

ಮೂರ್ತಿಯವರ ಮನೆದೇವರ ಪೆಟ್ಟಿಗೆಯಲ್ಲಿ ತಲೆಮಾರಿನಿಂದ ಬಂದ ಒಂದು ಲಕ್ಷ್ಮೀಕಾಸು ಇತ್ತು. ಹೊಸ ಯಂತ್ರ ಬಂದಾಗಿನಿಂದ ಪ್ರತಿ ಶುಕ್ರವಾರ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದು, ಯಂತ್ರದ ಬಟ್ಟಲಿನ ತಳದಲ್ಲಿ ಅದರ ಅಂಚಿನಿಂದ ಶ್ರೀ ಎಂದು ಬರೆದು, ಕಣ್ಣಿಗೊತ್ತಿಕೊಂಡು, ಮತ್ತೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಒರಟು ಉಕ್ಕಿನ ಮೇಲೆ ಚಿನ್ನ ಎಳೆದರೆ ಅಕ್ಕಸಾಲಿಗನ ಒರೆಗಲ್ಲಿನ ಹಾಗೆ ಗೆರೆ ಉಳಿಯುತ್ತದೆ. ಅದರ ಮೇಲೆ ನಾವು ಬಿಳಿ ಕಲ್ಲು ಅರೆಯುತ್ತಿದ್ದೆವು. ಇದೇನು ಗುಟ್ಟಾಗಿ ನಡೆದದ್ದಲ್ಲ. ರತ್ನಮ್ಮ, ನಾನು, ಎಲ್ಲರೂ ಅಲ್ಲೇ ಇದ್ದೆವು. ಬಳೆ ಚಿನ್ನ, ಓಲೆ ಚಿನ್ನ, ತಾಳಿ ಚಿನ್ನ. ದೇವರ ಕಾಸು ಮಾತ್ರ ನಮ್ಮ ಯಾರ ಕಣ್ಣಿಗೂ ಚಿನ್ನವಾಗಿ ಕಾಣಲಿಲ್ಲ.

"ಅದು ದೇವರದು ಸಾರ್" ಎಂದರು ಮೂರ್ತಿಯವರು.

"ದೇವರದೇ. ಆದ್ರೆ ಯಾವುದರಿಂದ ಮಾಡಿದ್ದು?"

ಮರುದಿನ ಕಾಸು ಎಳೆಯದೆ ಒಂದು ಸಲ, ಎಳೆದು ಒಂದು ಸಲ ಬಿಳಿ ಕಲ್ಲು ಅರೆದೆವು. ಎರಡನೆಯದರಲ್ಲಿ ಚಿನ್ನ ಇತ್ತು. ಆ ವರದಿಯನ್ನು ಮೂರ್ತಿಯವರ ಟೇಬಲ್ಲಿನ ಮೇಲಿಟ್ಟೆ. ಓದಿದರು. ಫ್ಯಾನಿನ ಕಡೆ ನೋಡಿದರು. "ಆ ಹುಡುಗೀನ ಕರೆಸಿಬಿಡಿ. ಬಿಟ್ಟ ದಿನದ ಸಂಬಳಾನೂ ಕೊಟ್ಬಿಡೋಣ" ಎಂದರು.

ನಾನು ಕುರುಬರಹಳ್ಳಿಗೆ ಹೋದೆ. ಪುಟ್ಟಮ್ಮ ನನ್ನನ್ನು ಕೂರಿಸಿ, ಎದ್ದು ಒಳಗೆ ಹೋದಳು. ಮಂಜುಳಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಇಳಿದುಹೋಗಿದ್ದಳು. ನಾನು ನಡೆದದ್ದನ್ನು ಹೇಳಿ, ನಾಳೆಯಿಂದಲೇ ಬಾ ಎಂದೆ.

"ಬರಲ್ಲ ಮೇಡಂ."

"ಯಾಕೇ?"

"ಸಾರ್ ಫೋನ್ ಮಾಡಿ ಹೇಳಿದ್ದು ಈ ಮನೆಗೆ. ನೀವು ಬಂದು ಹೇಳಿದ್ರೆ ನನ್ನ ಮೇಲಿನ ಪ್ರೀತಿಗೆ ಹೇಳ್ತೀರ ಅಂತಾರೆ ನಮ್ಮತ್ತೆ. ಸಾರೇ ಬರ್ಲಿ, ಅತ್ತೆ ಮುಂದೆ ಹೇಳ್ಲಿ. ಕೆಲಸ ಹೋದ್ರೆ ಗಾರ್ಮೆಂಟ್ಸ್‌ನಲ್ಲಿ ಸಿಗುತ್ತೆ. ಮಾನ ಹೋದ್ರೆ ಎಲ್ಲಿ ಸಿಗುತ್ತೆ ಹೇಳಿ?"

ಮೂರ್ತಿಯವರಿಗೆ ಇದನ್ನು ತಿಳಿಸಿದಾಗ ಸಿಟ್ಟು ನೆತ್ತಿಗೇರಿತು. "ನಾನು ಹೋಗಿ ಅವರ ಮನೆ ಬಾಗಿಲಲ್ಲಿ ನಿಲ್ಬೇಕಾ? ಬೇಕಾದ್ರೆ ಬರ್ಲಿ, ಬೇಡದಿದ್ರೆ ಬಿಡ್ಲಿ!" ಎಂದು ಕೂಗಾಡಿದರು. ಕೂಗು ಹಿಂದಿನ ಕೋಣೆಗೂ ಕೇಳಿಸಿತು. ಮಾರನೆಯ ದಿನ ಅರೆಯುವ ಕೋಣೆಯಲ್ಲಿ ಯಂತ್ರದ ಸದ್ದೇ ಇಲ್ಲ. ಹೋಗಿ ನೋಡಿದರೆ ಹೆಂಗಸರೆಲ್ಲ ಕಲ್ಲಿನ ಚೀಲಗಳ ಮೇಲೆ ಸಾಲಾಗಿ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಕಬ್ಬಿಣದ ಕಡೆಯ ಮುತ್ತೈದೆಯರೂ ಬಂದು ಕೂತಿದ್ದರು.

"ಏನು ರತ್ನಮ್ಮ ಇದು?" ಎಂದರು ಮೂರ್ತಿಯವರು.

"ಏನಿಲ್ಲ ಸಾರ್. ತಾವು ಕುರುಬರಹಳ್ಳಿಗೆ ಹೋಗಿ ಬರ್ತೀರಲ್ಲ, ಬಂದ್ಮೇಲೆ ಮಿಷಿನ್ ಹಚ್ತೀವಿ" ಎಂದು ರತ್ನಮ್ಮ ಕೆಮ್ಮುತ್ತಾ ಹೇಳಿದಳು. ಧ್ವನಿಯಲ್ಲಿ ಜಗಳವೇನೂ ಇರಲಿಲ್ಲ.

ಲಾರಿಯಿಂದ ಇಳಿದ ಚೀಲಗಳು ಬಾಗಿಲ ತನಕ ಬಂದು ನಿಂತವು. ಸಂಜೆ ಮೂರ್ತಿಯವರು ಕಾರು ತೆಗೆದರು. ನನ್ನನ್ನೂ ಹತ್ತಿಸಿಕೊಂಡರು. ದಾರಿಯಲ್ಲಿ ಬಾಳೆಹಣ್ಣು ಕೊಂಡರು.

ಪುಟ್ಟಮ್ಮ ಅವರಿಗೆ ಒಳ್ಳೆಯ ಕುರ್ಚಿ ಕೊಟ್ಟಳು. ಮಗನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮಂಜುಳಾ ಕಾಫಿ ತಂದಿಟ್ಟು ಬಾಗಿಲಿಗೆ ಹೋಗಿ ನಿಂತಳು. ಮೂರ್ತಿಯವರು ಲೋಟ ಹಿಡಿದುಕೊಂಡು, ಈಚೆಗೆ ಟ್ರಾಫಿಕ್ ಜಾಸ್ತಿಯಾಗಿದೆ ಎಂದರು. ಕಾವೇರಿ ನೀರು ದಿನಾ ಬರುತ್ತದೆಯೇ ಎಂದು ಕೇಳಿದರು. ಆಮೇಲೆ, "ಹೊಸ ಮಿಷಿನ್ ನೋಡಿಮ್ಮಾ, ಅದರದ್ದೇನೋ ತೊಂದ್ರೆ ಇತ್ತು. ಈಗ ಸರಿಹೋಯ್ತು. ಇವಳು ಬರಬಹುದು" ಎಂದರು.

"ಮಿಷಿನ್‌ದಲ್ಲ ಸಾರ್" ಎಂದಳು ಮಂಜುಳಾ, ಬಾಗಿಲಿನಿಂದಲೇ. "ಅದು ಯಾರ ಚಿನ್ನ ಅಂತ ಹೇಳಿ."

ಮೂರ್ತಿಯವರು ಲೋಟವನ್ನು ಕೆಳಗಿಟ್ಟರು. ಅವರು ಎದ್ದು ಹೋಗುತ್ತಾರೆ ಎಂದೇ ನಾನು ಅಂದುಕೊಂಡೆ.

"ನಂದು" ಎಂದರು. ಆಮೇಲೆ ಪುಟ್ಟಮ್ಮನ ಮುಖ ನೋಡಿ ಪೂರ್ತಿ ಹೇಳಿದರು. "ನನ್ನ ಚಿನ್ನ ಅಮ್ಮ. ನಮ್ಮ ಮನೆ ಲಕ್ಷ್ಮೀಕಾಸು. ಮಿಷಿನ್ನಿಗೆ ಉಜ್ಜಿದ್ದು ನಾನು. ಈ ಮಗು ಹತ್ರ ಯಾವ ಚಿನ್ನಾನೂ ಇರ್ಲಿಲ್ಲ. ನಾನು ನೋಡದೇನೇ ಹೇಳ್ಬಿಟ್ಟೆ, ತಪ್ಪಾಯ್ತು."

ಫೋನು ಬಂದ ದಿನದಿಂದ ಪುಟ್ಟಮ್ಮ ಸೊಸೆಯ ಜೊತೆ ಒಂದಕ್ಷರ ಆಡಿರಲಿಲ್ಲ. ಈಗ ಬಾಗಿಲ ಕಡೆಗೆ ತಿರುಗಿದಳು.

"ನಾಳೆ ಎಷ್ಟು ಹೊತ್ತಿಗೇ ನೀನು ಹೋಗ್ಬೇಕಾದ್ದು?"

"ಎಂಟಕ್ಕೆ ಅತ್ತೆ" ಎಂದಳು ಮಂಜುಳಾ.